ಒಂದು ಇಳಿತಕ್ಕೆ ಒಂದಡಿ

ನಮ್ಮ ನ್ಯೂ ಪೇಶನ್ಸ್‌ನಲ್ಲಿ ಜೋರು ಮಳೆ ಬಂದರೆ ಜನ ಆಕಾಶ ನೋಡುವುದಿಲ್ಲ, ಯೂಲಾ ಆಂಟಿಯ ಮುಖ ನೋಡುತ್ತಾರೆ. ಹಳ್ಳಿ ಇರುವುದು ಸಮುದ್ರಕ್ಕಿಂತ ತಗ್ಗಿನಲ್ಲಿ. ಉಬ್ಬರದ ಹೊತ್ತಿನಲ್ಲಿ ರಸ್ತೆಯ ಮೇಲೆ ನಿಂತರೆ ಸಮುದ್ರದ ತಡೆಗೋಡೆಯ ಆಚೆಗಿನ ನೀರು ನಮ್ಮ ತಲೆಗಿಂತ ಎತ್ತರದಲ್ಲಿರುತ್ತದೆ. ಹಿತ್ತಿಲುಗಳ ಮಳೆನೀರೆಲ್ಲ ದೊಡ್ಡ ಕಾಲುವೆಗೆ ಬಂದು ಸೇರುತ್ತದೆ. ಕಾಲುವೆ ಗೋಡೆಯನ್ನು ದಾಟುವ ಕಡೆ ಕೋಕರ್ ಇದೆ. ಎರಡು ಕಂಬಗಳ ನಡುವೆ ಮೇಲೆ ಕೆಳಗೆ ಸರಿಯುವ ದೊಡ್ಡ ಮರದ ಬಾಗಿಲು ಅದು. ಸಮುದ್ರ ಇಳಿದಾಗ ಚಕ್ರ ತಿರುಗಿಸಿ ಬಾಗಿಲು ಎತ್ತಬೇಕು, ನಮ್ಮ ನೀರು ಹೊರಗೆ ಹೋಗಲಿ ಎಂದು. ಸಮುದ್ರ ಏರುವ ಮೊದಲು ಇಳಿಸಬೇಕು, ಅದರ ನೀರು ಒಳಗೆ ಬಾರದಿರಲಿ ಎಂದು. ದಿನಕ್ಕೆ ಎರಡು ಸಲ, ಪ್ರತಿದಿನ ಹಿಂದಿನ ದಿನಕ್ಕಿಂತ ಸುಮಾರು ಐವತ್ತು ನಿಮಿಷ ತಡವಾಗಿ. ಕ್ರಿಸ್‌ಮಸ್ ಇರಲಿ, ಫಗ್ವಾ ಹೋಳಿ ಇರಲಿ, ಯಾರದ್ದೋ ಮದುವೆ ಇರಲಿ, ಯೂಲಾ ಟ್ಯಾಪಿನ್ ಇಪ್ಪತ್ತೊಂಬತ್ತು ವರ್ಷ ಇದನ್ನು ಮಾಡಿಕೊಂಡು ಬಂದಿದ್ದರು.

ಅವರು ಈ ಕೆಲಸಕ್ಕೆ ಬಂದಾಗ ಇಪ್ಪತ್ತಾರು ವರ್ಷ. ಮೊದಲು ಕೋಕರ್ ಕಾಯುತ್ತಿದ್ದ ಅವರ ಸೋದರಮಾವ ಸೊಂಟ ಮುರಿದುಕೊಂಡು ಮಲಗಿದಾಗ, ಬೇರೆ ಯಾರಾದರೂ ಸಿಗುವ ತನಕ ಎಂದು ಕೆಲಸವನ್ನು ಇವರಿಗೆ ಕೊಟ್ಟರಂತೆ. ಈ ಭಾಗವೆಲ್ಲ ನಾನು ನನ್ನ ಆಜಿಯಿಂದ, ಎಂದರೆ ಅಪ್ಪನ ಅಮ್ಮನಿಂದ, ಕೇಳಿದ್ದು, ಕಂಡಿದ್ದಲ್ಲ. ಚಕ್ರ ತಿರುಗಿಸಲು ಆಗ ಇಬ್ಬರು ಗಂಡಸರು ಬೇಕಾಗುತ್ತಿತ್ತು. ರಮ್ ಅಂಗಡಿಯ ಮುಂದೆ ಕೂತವರು "ಮೂರು ವಾರ ನೋಡ್ತಿರಿ, ಕೈ ಬೆರಳೆಲ್ಲ ಬೊಬ್ಬೆ ಬಂದು ಓಡಿಹೋಗ್ತಾಳೆ" ಎಂದರಂತೆ. ಯೂಲಾ ಆಂಟಿ ಮೊದಲ ವಾರ ತಾವು ಚಕ್ರಕ್ಕೆ ಬಲ ಹಾಕಲೇ ಇಲ್ಲ, ಆ ಇಬ್ಬರು ಗಂಡಸರಿಂದಲೇ ಬಾಗಿಲು ಎತ್ತಿಸಿದರು. ಇಳಿತಗಳ ನಡುವಿನ ಹೊತ್ತಿನಲ್ಲೆಲ್ಲ ಸೀಮೆಎಣ್ಣೆ, ಹಳೇ ಹಲ್ಲುಜ್ಜುವ ಬ್ರಷ್ಷು ಹಿಡಿದು ಚಕ್ರದ ಹಲ್ಲುಗಳ ತುಕ್ಕು ತೆಗೆದರು, ಆಮೇಲೆ ಗ್ರೀಸ್ ಹಚ್ಚಿದರು. ಎಂಟನೇ ದಿನ ಒಂದೇ ಕೈಯಲ್ಲಿ ತಿರುಗಿಸಿದರು. ಇನ್ನೊಂದು ಕೈಯಲ್ಲಿ ಅನಾನಸ್ ತುಂಬಿದ ಪೈನ್ ಟಾರ್ಟ್ ಇತ್ತು ಎಂದು ಆಜಿ ಹೇಳುತ್ತಾಳೆ. ಪೈನ್ ಟಾರ್ಟ್ ವಿಷಯ ನನಗೆ ಅಷ್ಟು ಖಾತ್ರಿಯಿಲ್ಲ.

ನನ್ನ ಆಜಿಯ ಹೆಸರು ಫುಲ್ಮತಿ. ಕಾಲುವೆಯ ಈ ದಡದಲ್ಲಿ ನಮ್ಮ ಮನೆ, ಆ ದಡದಲ್ಲಿ ಕೋಕರ್. ಇಬ್ಬರೂ ನಲವತ್ತು ವರ್ಷದ ಗೆಳತಿಯರು, ದಿನಕ್ಕೊಂದು ಸಲವಾದರೂ ಜಗಳವಾಡದಿದ್ದರೆ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ. ಆಜಿ ಹಿತ್ತಿಲಲ್ಲಿ ಅಲಸಂದೆ, ಕೆಸವು, ವಿರಿವಿರಿ ಎಂಬ ಪುಟ್ಟ ಗುಂಡು ಮೆಣಸಿನಕಾಯಿ ಬೆಳೆಸಿ ಪೇಟೆಯ ಸಂತೆಗೆ ಕಳಿಸುತ್ತಾಳೆ.

ಯೂಲಾ ಆಂಟಿಯ ಹತ್ತಿರ ಒಂದು ಪುಸ್ತಕವಿತ್ತು. ಪಟ್ಟಣದ ನೀರಿನ ಅಳತೆಯ ಕಚೇರಿಯಿಂದ ಮಿಸ್ ಪೊಲಾರ್ಡ್ ಎಂಬ ಹೆಂಗಸು ಮೂರು ತಿಂಗಳಿಗೊಮ್ಮೆ ಬಂದು ಅದನ್ನು ನಕಲು ಮಾಡಿಕೊಳ್ಳುತ್ತಿದ್ದರು. ಇಬ್ಬರೂ ಕೋಕರ್ ಪಕ್ಕದ ಬೆಂಚಿನ ಮೇಲೆ ಮಾಬಿ ಎಂಬ ತೊಗಟೆಯ ಪಾನಕ ಕುಡಿಯುತ್ತ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಪುಸ್ತಕದಲ್ಲಿ ತಾರೀಕು, ಬಾಗಿಲು ಎತ್ತಿದ ಹೊತ್ತು, ಇಳಿಸಿದ ಹೊತ್ತು, ಕಾಲುವೆಯ ನೀರು ಎಷ್ಟಿತ್ತು, ಎಷ್ಟಾಯಿತು, ಮಳೆ ಎಷ್ಟು. ಮಿಸ್ ಪೊಲಾರ್ಡ್ ಕಲಿಸಿದ್ದ ಕ್ರಮ ಒಂದೇ: ಕಣ್ಣಾರೆ ಕಂಡದ್ದನ್ನು ಪೆನ್ನಿನಲ್ಲಿ ಬರೆಯಬೇಕು, ಅಂದುಕೊಂಡದ್ದನ್ನು ಪೆನ್ಸಿಲ್ಲಿನಲ್ಲಿ. ಕಂಡದ್ದನ್ನು ಅಳಿಸುವ ಹಾಗಿಲ್ಲ. ಅಂದುಕೊಂಡದ್ದನ್ನು ಅಳಿಸಲು ಬರುವಂತಿರಬೇಕು.

ಈ ಅಭ್ಯಾಸ ಪುಸ್ತಕದಿಂದ ಯೂಲಾ ಆಂಟಿಯ ಬಾಯಿಗೂ ಬಂದಿತ್ತು. ಯಾರು ಏನೇ ಸುದ್ದಿ ತಂದರೂ ಅವರ ಮೊದಲ ಮಾತು, "ನೋಡಿದ್ದೋ, ಅಂದ್ಕೊಂಡಿದ್ದೋ?" ಇದರಿಂದ ಊರಿನ ಎಷ್ಟೋ ಒಳ್ಳೆಯ ಗಾಳಿಸುದ್ದಿಗಳು ಹುಟ್ಟಿದ ಜಾಗದಲ್ಲೇ ಸತ್ತುಹೋದವು.

ಒಮ್ಮೆ ಬಾತುಕೋಳಿ ಸಾಕುವ ಜೈಗೋಬಿನ್ ಉರಿಯುತ್ತ ಬಂದ. ಅವನ ಪಕ್ಕದ ಮನೆಯ ಬಾಡಿಗೆ ಕಾರಿನ ಡ್ರೈವರ್ ಬಾತು ಕದಿಯುತ್ತಿದ್ದಾನೆ, ಪೊಲೀಸರಿಗೆ ಹೇಳುತ್ತೇನೆ ಎಂದ. ನಾನು ಅಲ್ಲೇ ಇದ್ದೆ.

"ನೋಡಿದ್ದೋ, ಅಂದ್ಕೊಂಡಿದ್ದೋ?"

"ನೋಡೋದೇನು ಬಂತು ಆಂಟಿ? ಪ್ರೂವ್ ಆಗಿರೋ ಸಂಗತಿ! ಮೂರು ಬಾತು ಹೋಗಿದೆ."

"ಮೂರು ಬಾತು ಇಲ್ಲ, ಅದು ಸಂಗತಿ. ಒಪ್ಪಿದೆ. ಯಾವಾಗ ಯಾವಾಗ ಹೋಯ್ತು?"

"ಎಲ್ಲಾ ಮಳೆ ಬಂದ ಮಾರನೇ ದಿನವೇ."

"ಹಂಗಾದ್ರೆ ಅದು ನಿಯಮ. ಮಳೆ ಬಂದು ಕಾಲುವೆ ತುಂಬಿದ್ರೆ ನಿನ್ನ ಒಂದು ಬಾತು ಹೋಗತ್ತೆ. ಈಗ ಯಾಕೆ ಅಂತ ಹೇಳು. ಡ್ರೈವರ್ ಕದೀತಾನೆ ಅನ್ನೋದು ನಿನ್ನ ಥಿಯರಿ. ಅವನಿಗೆ ಮಳೆ ಬಂದಾಗ ಮಾತ್ರ ಯಾಕೆ ಹಸಿವಾಗತ್ತೆ?"

ಮುಂದಿನ ಮಳೆಗೆ ಕಾಲುವೆ ಪಕ್ಕದ ಬಾಳೆಗುಂಪಿನಡಿ ನಾಲ್ಕಡಿ ಉದ್ದದ ಮೊಸಳೆ ಸಿಕ್ಕಿತು. ಅದರ ಬಾಯಿಗೆ ಬಿಳಿ ಪುಕ್ಕ ಅಂಟಿತ್ತು. ಡ್ರೈವರ್ ಮಾತ್ರ ಇವತ್ತಿಗೂ ಜೈಗೋಬಿನ್‌ನನ್ನು ಕಾರಿಗೆ ಹತ್ತಿಸಿಕೊಳ್ಳುವುದಿಲ್ಲ.

ಯೂಲಾ ಆಂಟಿಯ ಎಲ್ಲ ಅಳತೆಗಳಿಂದ ಊರಿಗೆ ಸಿಕ್ಕಿದ ದೊಡ್ಡ ವಸ್ತು ಅವರದೇ ಒಂದು ನಿಯಮ. ಬಾಗಿಲು ಮೂರು ಗಂಟೆ ತೆರೆದಿಟ್ಟರೆ ಕಾಲುವೆ ಒಂದಡಿ ಇಳಿಯುತ್ತದೆ. ಒಂದು ಇಳಿತಕ್ಕೆ ಒಂದಡಿ. ನಮ್ಮ ಊರು ದಿನಗಳನ್ನು ಬಿಟ್ಟು ಇಳಿತಗಳಲ್ಲಿ ಲೆಕ್ಕ ಹಾಕಲು ಕಲಿತದ್ದು ಇದರಿಂದಲೇ. ಮಳೆ ನಿಂತ ಮೇಲೆ ಜನ ಸೇತುವೆಯ ಮೇಲಿನಿಂದ ಕೂಗುತ್ತಿದ್ದರು, "ಎಷ್ಟು ಇಳಿತ ಆಂಟಿ?" ಅವರು ಕಾಲುವೆಯೊಳಗೆ ನಿಲ್ಲಿಸಿದ್ದ ಅಳತೆಪಟ್ಟಿ ನೋಡಿ "ಮೂರು" ಎನ್ನುತ್ತಿದ್ದರು. ಮೂರನೇ ಇಳಿತಕ್ಕೆ ಅಂಗಳ ಒಣಗುತ್ತಿತ್ತು. ಮದುವೆಯವರು ಅದನ್ನು ಕೇಳಿ ಶಾಮಿಯಾನ ಹಾಕಿಸುತ್ತಿದ್ದರು. ಸತ್ತವರ ಮನೆಯವರು ಅದನ್ನು ಕೇಳಿ ಗುಂಡಿ ತೋಡಿಸುತ್ತಿದ್ದರು. ಇಪ್ಪತ್ತೊಂಬತ್ತು ವರ್ಷ ಅದು ತಪ್ಪಲಿಲ್ಲ. ಸರಿಯಾಗಿ ಹೇಳಬೇಕೆಂದರೆ, ಒಂದೆರಡು ಇಂಚು ಹೆಚ್ಚುಕಮ್ಮಿ ಆಗುತ್ತಿತ್ತು. ಅದನ್ನು ಯಾರೂ ತಪ್ಪು ಎನ್ನುತ್ತಿರಲಿಲ್ಲ.

ಆ ವರ್ಷ ಜನವರಿಯಲ್ಲಿ ಮೂರು ದಿನ ಬಿಡದೆ ಮಳೆ ಹೊಯ್ಯಿತು. ನಮ್ಮ ಮನೆಯೂ ಎಲ್ಲರ ಮನೆಗಳಂತೆ ಕಂಬಗಳ ಮೇಲಿರುವುದರಿಂದ ನಾವು ಒದ್ದೆಯಾಗಲಿಲ್ಲ. ಹಿತ್ತಿಲು ಮಾತ್ರ ಮೊಣಕಾಲು ಮುಳುಗುವಷ್ಟು ನಿಂತಿತು. ಆಜಿಯ ಮೆಣಸಿನ ಸಸಿಗಳು ಮಡಿಯಲ್ಲಿದ್ದವು, ಮುನ್ನೂರಕ್ಕೂ ಹೆಚ್ಚು. ಆಜಿ ಬಕೆಟ್‌ಗಳನ್ನು ತೆಗೆದಿಟ್ಟುಕೊಂಡಿದ್ದಳು, ಸಸಿಗಳನ್ನೆಲ್ಲ ಮಣ್ಣು ಸಮೇತ ಕಿತ್ತು ಮೇಲಿನ ವರಾಂಡಕ್ಕೆ ಸಾಗಿಸಲು. ಹಾಗೆ ಕಿತ್ತರೆ ಮೂರರಲ್ಲಿ ಒಂದು ಸಾಯುತ್ತದೆ. ಅದಕ್ಕೇ ಮೊದಲು ಕೇಳಿದಳು.

"ಯೂಲಾ! ಎಷ್ಟು ಇಳಿತವೇ?"

"ನಾಲ್ಕು!"

"ಗಟ್ಟಿಯಾಗಿ ಹೇಳ್ತಿದೀಯಾ?"

"ಯಾವತ್ತು ಮೆತ್ತಗೆ ಹೇಳಿದೀನಿ? ನಾಲ್ಕು!"

ನಾಲ್ಕು ಇಳಿತ ಎಂದರೆ ಎರಡು ದಿನ. ಎರಡು ದಿನ ನೀರಲ್ಲಿದ್ದರೆ ಸಸಿ ಬದುಕುತ್ತದೆ. ಆಜಿ ಬಕೆಟ್‌ಗಳನ್ನು ಬೋರಲು ಹಾಕಿ ಒಳಗೆ ಹೋದಳು.

ನಾಲ್ಕು ಇಳಿತ ಕಳೆದ ಮೇಲೂ ಹಿತ್ತಿಲಲ್ಲಿ ನೀರು ಇನ್ನೂ ನಿಂತೇ ಇತ್ತು. ಆರಾಯಿತು. ಎಂಟಾಯಿತು. ಐದನೇ ದಿನ ಸಸಿಗಳ ಬುಡ ಕೊಳೆತು ನೀರಿಗೆ ಕೆಟ್ಟ ವಾಸನೆ ಬಂತು. ಆಜಿ ಒಂದು ಸಸಿ ಎಳೆದು ನೋಡಿದಳು. ಬೇರು ಕೈಯಲ್ಲೇ ಕರಗಿದಂತೆ ಜಾರಿತು. ಅವಳು ಏನೂ ಹೇಳಲಿಲ್ಲ. ಅವತ್ತಿನಿಂದ ಕಾಲುವೆಯ ಆ ದಡದ ಕಡೆ ನೋಡುವುದನ್ನೂ ಬಿಟ್ಟಳು.

ಊರು ಮಾತ್ರ ಬೇಕಾದಷ್ಟು ಹೇಳಿತು. ಬಾಗಿಲು ಎತ್ತುವ ಹೊತ್ತಿನಲ್ಲಿ ಮುದುಕಿ ಮಲಗಿಬಿಡುತ್ತಾಳೆ ಎಂದರು. ರಮ್ ಕುಡಿಯುತ್ತಾಳೆ ಎಂದರು, ಅವರು ಮಾಬಿ ಬಿಟ್ಟರೆ ಬೇರೆ ಮುಟ್ಟುವುದಿಲ್ಲ ಎಂದು ಎಲ್ಲರಿಗೂ ಗೊತ್ತಿದ್ದೂ. ಹಳ್ಳಿ ಕೌನ್ಸಿಲ್ ಶುಕ್ರವಾರ ಸಂಜೆ ಶಾಲೆಯಲ್ಲಿ ಸಭೆ ಕರೆಯಿತು. ವಿಷಯ ಒಂದೇ, ಕೋಕರ್‌ನ ಚಕ್ರದ ಬೀಗದ ಕೀಲಿಯನ್ನು ಯೂಲಾ ಟ್ಯಾಪಿನ್ ಹತ್ತಿರ ಇರಲು ಬಿಡಬೇಕೋ, ವಾಪಸ್ ತೆಗೆದುಕೊಳ್ಳಬೇಕೋ. ಅವರಿಗೆ ಆ ಕೀಲಿಯೇ ಎಲ್ಲ. ಗಂಡ ಇಲ್ಲ, ಮಕ್ಕಳಿಲ್ಲ, ಹೆಸರು ಎಂಬುದಿದ್ದರೆ ಅದು ಆ ಬಾಗಿಲಿನದು.

ಸಭೆಗೆ ಎರಡು ದಿನ ಮೊದಲು, ಬೆಳಗಿನ ಇಳಿತದಲ್ಲಿ, ಯೂಲಾ ಆಂಟಿ ಗೋಡೆಯಾಚೆ ಕೆಸರಿಗೆ ಇಳಿದದ್ದನ್ನು ನಾನು ಕಂಡೆ. ಏಡಿ ಹಿಡಿಯುವವರು ಮಾಡುವಂತೆ ಒಂದು ಹಲಗೆಯ ಮೇಲೆ ಮೊಣಕಾಲೂರಿ, ಇನ್ನೊಂದು ಕಾಲಲ್ಲಿ ತಳ್ಳುತ್ತ ಜಾರಿಕೊಂಡು ಹೋಗುತ್ತಿದ್ದರು. ಐವತ್ತೈದು ವರ್ಷದ ಹೆಂಗಸು, ತಲೆಗೆ ಫೆಲ್ಟ್ ಟೋಪಿ. ಸ್ವಲ್ಪ ಸ್ವಲ್ಪ ದೂರಕ್ಕೆ ನಿಂತು ಬಿದಿರಿನ ಗಳುವನ್ನು ಕೆಳಗಿಳಿಸಿ, ಎಳೆದು, ನೋಡಿ, ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ವಾಪಸ್ ಬಂದಾಗ ಕಣ್ಣು ಬಿಟ್ಟರೆ ಉಳಿದದ್ದೆಲ್ಲ ಕೆಸರು. ಸೇತುವೆಯ ಮೇಲಿದ್ದ ಜೈಗೋಬಿನ್ "ಆಂಟಿ, ಕಳೆದುಹೋದ ಒಂದಡಿ ಸಿಕ್ತಾ?" ಎಂದ. ಅವರು ಉತ್ತರ ಕೊಡದೆ ಹೋದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಸಭೆಯ ಅಧ್ಯಕ್ಷರು ಸೀಫೋರ್ತ್ ಟೀಚರ್, ನಿವೃತ್ತ ಹೆಡ್‌ಮಾಸ್ಟರ್. ಊರಿನ ಅರ್ಧ ಜನರಿಗೆ ವಿಜ್ಞಾನ ಕಲಿಸಿದವರು ಅವರೇ. ಅವರ ಪಾಠದಲ್ಲಿ ವಿಜ್ಞಾನ ಒಂದು ಪೊಲೀಸ್ ಠಾಣೆ. ಊಹೆ ಕಾನ್‌ಸ್ಟೇಬಲ್. ಚೆನ್ನಾಗಿ ಕೆಲಸ ಮಾಡಿದರೆ ಅದಕ್ಕೆ ಬಡ್ತಿ ಸಿಕ್ಕಿ ಥಿಯರಿ ಎಂಬ ಸಾರ್ಜೆಂಟ್ ಆಗುತ್ತದೆ. ಥಿಯರಿ ಪೂರ್ತಿ ಸಾಬೀತಾದ ದಿನ ನಿಯಮ ಎಂಬ ಇನ್‌ಸ್ಪೆಕ್ಟರ್. ನನಗೂ ಇದನ್ನೇ ಕಲಿಸಿದ್ದರು, ನಾನೂ ನಂಬಿದ್ದೆ.

"ಮಿಸ್ ಟ್ಯಾಪಿನ್," ಎಂದರು ಟೀಚರ್, ಕನ್ನಡಕದ ಮೇಲಿನಿಂದ ನೋಡುತ್ತ, "ಒಂದು ಇಳಿತಕ್ಕೆ ಒಂದಡಿ ಅನ್ನೋದು ನಿಮ್ಮ ನಿಯಮ. ನಿಯಮ ಅಂದ್ಮೇಲೆ ಅದು ತಪ್ಪೋಹಾಗಿಲ್ಲ. ನೀರು ಇಳೀಲಿಲ್ಲ ಅಂದ್ರೆ ನೀವು ಬಾಗಿಲು ಎತ್ತಿಲ್ಲ ಅಂತ ಅರ್ಥ. ಸರಿ ತಾನೆ?"

"ಬಾಗಿಲು ಎತ್ತಿದೀನಿ ಟೀಚರ್. ಹೊತ್ತು ಬರೆದಿದೀನಿ. ಪುಸ್ತಕ ಇಲ್ಲಿದೆ."

"ಬರೆಯೋದು ಯಾರು ಬೇಕಾದ್ರೂ ಬರೀಬಹುದು," ಎಂದ ಹಿಂದಿನಿಂದ ಜೈಗೋಬಿನ್.

"ನೀನು ಬರೆದು ತೋರಿಸು ನೋಡೋಣ," ಎಂದರು ಯಾರೋ ಹೆಂಗಸು. ಎಲ್ಲರೂ ನಕ್ಕರು.

ಯೂಲಾ ಆಂಟಿ ಪುಸ್ತಕ ತೆರೆದು ಓದಿದರು. ಮಳೆ ನಿಂತ ಮೇಲಿನ ಮೊದಲ ಇಳಿತ, ಮೂರು ಗಂಟೆ ತೆರೆದಿದ್ದು, ಕಾಲುವೆ ಇಳಿದದ್ದು ಮೂರು ಇಂಚು. ಎರಡನೇ ಇಳಿತ, ಮೂರೂವರೆ ಇಂಚು. ಮೂರನೇದು, ಮೂರು.

ಆಗ ನನ್ನ ಆಜಿ ಎದ್ದು ನಿಂತಳು. ಸಭೆಗಳಲ್ಲಿ ಅವಳು ಮಾತಾಡಿದ್ದೇ ಇಲ್ಲ.

"ಮೊದಲನೇ ಇಳಿತದಲ್ಲೇ ಮೂರಿಂಚು ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು, ಫುಲ್ಮತಿ."

"ಆಮೇಲೂ ನಾನು ಕಿಟಕೀಲಿ ನಿಂತು ಕೇಳಿದೆ. ನೀನು ನಾಲ್ಕು ಇಳಿತ ಅಂತಲೇ ಅಂದೆ. ಅವತ್ತು ಹೇಳಿದ್ರೆ ಸಸಿ ಎತ್ತಿಡ್ತಿದ್ದೆ. ನೂರು ಸಾಯ್ತಿತ್ತು, ಇನ್ನೂರು ಉಳೀತಿತ್ತು. ಯಾಕೆ ಹೇಳ್ಲಿಲ್ಲ?"

ಯೂಲಾ ಆಂಟಿ ಪುಸ್ತಕದ ರಟ್ಟನ್ನು ತಿರುಗಿಸಿ ಎಲ್ಲರಿಗೂ ಕಾಣುವಂತೆ ಹಿಡಿದರು. ಒಳಬದಿಯಲ್ಲಿ ಒಂದು ಸಾಲು ಇತ್ತು, ದಪ್ಪ ನೀಲಿ ಶಾಯಿಯಲ್ಲಿ.

"ಇದನ್ನ ಮೊದಲು ಪೆನ್ಸಿಲ್ಲಲ್ಲಿ ಬರೆದಿದ್ದೆ. ಒಂದು ಇಳಿತಕ್ಕೆ ಒಂದಡಿ. ಹತ್ತು ವರ್ಷ ಸರಿ ಬಂತು. ಆಮೇಲೆ ಯಾವಾಗಲೋ ಪೆನ್ನಲ್ಲಿ ತಿದ್ದಿಬಿಟ್ಟೆ. ಮೊನ್ನೆ ಪಟ್ಟಿ ಮೂರಿಂಚು ತೋರಿಸಿದಾಗ ನಾನು ಏನಂದ್ಕೊಂಡೆ ಗೊತ್ತಾ? ನನ್ನ ಕಣ್ಣು ಮಂಜಾಗಿದೆ, ಪಟ್ಟಿ ಜಾರಿದೆ, ಮುಂದಿನ ಇಳಿತಕ್ಕೆ ಸರಿಹೋಗತ್ತೆ ಅಂತ. ಮೂರು ಅಂತ ಬರೆದೆ, ಆದ್ರೆ ನಂಬಿದ್ದು ಹನ್ನೆರಡನ್ನ. ಕಂಡಿದ್ದಕ್ಕಿಂತ ನಿಯಮನ ಹೆಚ್ಚು ನಂಬಿದೆ ಕಣೇ. ಮಲಗಿಕೊಂಡಿದ್ದು ಸುಳ್ಳು. ಇದು ನಿಜ. ತಪ್ಪು ನಂದೇ."

ಆಜಿ ಕೂತಳು. ಸಿಟ್ಟು ಹೋಗಿರಲಿಲ್ಲ ಎಂದು ಅವಳು ಸ್ಕರ್ಟಿನ ಅಂಚು ಹಿಂಡುತ್ತಿದ್ದ ರೀತಿಯಿಂದ ಗೊತ್ತಾಗುತ್ತಿತ್ತು.

"ಹಾಗಾದ್ರೆ ಒಪ್ಪಿಕೊಂಡ್ರಿ," ಎಂದರು ಟೀಚರ್, ಅಷ್ಟು ಬೇಗ ಮುಗಿದದ್ದಕ್ಕೆ ಸ್ವಲ್ಪ ಬೇಸರವಾದವರಂತೆ.

"ಹೇಳದೇ ಇದ್ದಿದ್ದನ್ನ ಒಪ್ಪಿಕೊಂಡೆ. ನೀರು ಯಾಕೆ ಇಳೀಲಿಲ್ಲ ಅನ್ನೋದನ್ನ ಇನ್ನೂ ಹೇಳಿಲ್ಲ." ಅವರು ಕೆಸರಿನಲ್ಲಿ ಅಳೆದ ಪುಟ ತೆಗೆದರು. ಕೋಕರ್‌ನಿಂದ ಸಮುದ್ರದವರೆಗಿನ ಹೊರಗಾಲುವೆಯಲ್ಲಿ ಹನ್ನೊಂದು ಕಡೆ ಗಳು ಇಳಿಸಿದ್ದರು. ಮೊದಲು ನಾಲ್ಕಡಿ ಆಳ ಇರುತ್ತಿದ್ದ ಕಡೆ ಈಗ ಒಂದಡಿ, ಕೆಲವೆಡೆ ಅದೂ ಇಲ್ಲ. ಮೆತ್ತನೆಯ ಹೊಸ ಕೆಸರು ತುಂಬಿಕೊಂಡಿತ್ತು. "ನಮ್ಮ ಕರಾವಳೀಲಿ ಕೆಸರಿನ ದಿಬ್ಬ ನಡೀತವೆ ಅಂತ ಪೊಲಾರ್ಡ್ ಮಿಸ್ ಹೇಳಿದ್ರು. ಅಮೆಜಾನ್ ನದಿ ತಂದು ಹಾಕೋ ಕೆಸರು, ಅಲೆ ತಳ್ಳಿಕೊಂಡು ಪೂರ್ವದಿಂದ ಪಶ್ಚಿಮಕ್ಕೆ, ವರ್ಷಕ್ಕೆ ಒಂದಷ್ಟು ದೂರ. ಒಂದು ಊರು ದಾಟಿ ಇನ್ನೊಂದು ಊರಿನ ಮುಂದೆ ಬಂದು ಕೂರತ್ತೆ. ಒಂದು ಹೋದ್ಮೇಲೆ ಇನ್ನೊಂದು ಬರೋಕೆ ಮೂವತ್ತು ವರ್ಷದ ಹತ್ರ ಹಿಡಿಯತ್ತಂತೆ. ನಾನು ಇಲ್ಲಿರೋದು ಇಪ್ಪತ್ತೊಂಬತ್ತು."

"ಥಿಯರಿ!" ಎಂದ ಜೈಗೋಬಿನ್. "ಥಿಯರಿ ಅಂದ್ರೆ ಊಹೆ ತಾನೆ? ನಂಗೂ ಒಂದು ಥಿಯರಿ ಇದೆ, ನೀನು ನಿದ್ದೆ ಮಾಡಿದೆ ಅಂತ."

"ನಿಂದು ಊಹೆ ಕಣೋ, ಥಿಯರಿ ಅಂತ ದೊಡ್ಡ ಹೆಸರು ಯಾಕೆ? ಆ ಡ್ರೈವರ್ ವಿಷಯದಲ್ಲಿ ನಾನೂ ಹಂಗೆ ಅಂದು ನಿನ್ನ ಕೆಡಿಸಿದೆ. ದಿಬ್ಬ ನಡೆಯೋದು ಎಷ್ಟೋ ಜನ, ಎಷ್ಟೋ ವರ್ಷ ಇಡೀ ಕಡಲಂಚು ಅಳೆದು ಕಟ್ಟಿರೋ ವಿವರಣೆ. ಅದು ಥಿಯರಿ. ನಮ್ಮ ಬಾಗಿಲ ಮುಂದೆ ಕೂತಿರೋದು ಅದೇನಾ ಅನ್ನೋದು ಮಾತ್ರ ನನ್ನ ಊಹೆ."

ಟೀಚರ್ ಮೇಜು ತಟ್ಟಿದರು. "ಮಿಸ್ ಟ್ಯಾಪಿನ್, ಥಿಯರಿ ಸಾಬೀತಾದ್ಮೇಲೆ ತಾನೆ ನಿಯಮ ಆಗೋದು? ನೀವು ಸಾರ್ಜೆಂಟ್‌ನ ಕರ್ಕೊಂಡು ಬಂದು ಇನ್‌ಸ್ಪೆಕ್ಟರ್‌ನ ಹಿಡಿಸ್ತಾ ಇದೀರಲ್ಲ!"

"ಬಡ್ತಿ ಇಲ್ಲ ಟೀಚರ್. ನಿಮ್ಮ ಹತ್ರ ಓದಿದಾಗ ನಾನೂ ಹಂಗೇ ಅಂದ್ಕೊಂಡಿದ್ದೆ. ಬೇಳೆ ಎಷ್ಟು ಬೆಂದ್ರೂ ಅನ್ನ ಆಗಲ್ಲ, ಚೆನ್ನಾಗಿ ಬೆಂದ ಬೇಳೆ ಆಗತ್ತೆ. ನಿಯಮ ಏನಾಗತ್ತೆ ಅಂತ ಹೇಳತ್ತೆ, ಇಷ್ಟು ಹೊತ್ತಿಗೆ ಇಷ್ಟು ಇಂಚು ಅಂತ. ಯಾಕೆ ಅಂತ ಅದಕ್ಕೆ ಗೊತ್ತಿಲ್ಲ. ಯಾಕೆ ಅನ್ನೋದು ಥಿಯರಿ ಕೆಲಸ. ಎರಡೂ ತಟ್ಟೆಗೆ ಬೇಕು. ಎರಡಕ್ಕೂ ಕೆಳಗೆ ಒಲೆ ಥರ ಇರೋದು ಈ ಪುಸ್ತಕದ ಇಂಚುಗಳು. ನಾನು ಇಪ್ಪತ್ತೊಂಬತ್ತು ವರ್ಷ ಬರೀ ಅನ್ನ ತಿಂದೆ. ಒಂದಡಿ ಯಾಕೆ ಇಳಿಯತ್ತೆ ಅಂತ ಕೇಳಿದ್ರೆ, ಹೊರಗಡೆ ದಾರಿ ಖುಲ್ಲಾ ಇರೋದಕ್ಕೆ ಅಂತ ಗೊತ್ತಾಗ್ತಿತ್ತು. ದಾರಿ ಮುಚ್ಚಿದ ದಿನ ಈ ನಿಯಮ ನಡೆಯಲ್ಲ ಅಂತಾನೂ."

ಟೀಚರ್ ಕನ್ನಡಕ ತೆಗೆದು ಒರೆಸಿದರು. ಅವರು ಸಿಟ್ಟಾಗಿದ್ದಾರೆ ಎಂದುಕೊಂಡೆವು. ಆಮೇಲೆ ಕೇಳಿದರು, ತರಗತಿಯಲ್ಲಿ ಕೇಳುವ ಧ್ವನಿಯಲ್ಲಲ್ಲ, ನಿಜವಾಗಿ ತಿಳಿಯಬೇಕಾದವರ ಧ್ವನಿಯಲ್ಲಿ: "ಹಾಗಾದ್ರೆ ನಿಮ್ಮ ಊಹೆ ಸರೀನಾ ಅಂತ ಹ್ಯಾಗೆ ನೋಡೋದು?"

"ನಾನು ನಿದ್ದೆ ಮಾಡಿದ್ದೇ ಕಾರಣ ಆದ್ರೆ, ಹೊರಗೆ ಕೆಸರು ತೋಡಿದ್ರೂ ಬಿಟ್ರೂ ನೀರಿಗೆ ವ್ಯತ್ಯಾಸ ಆಗಬಾರದು. ಕೆಸರು ಕಾರಣ ಆದ್ರೆ, ಅದನ್ನ ಸೀಳಿ ದಾರಿ ಮಾಡಿದ ಮೇಲೆ ಒಂದೊಂದು ಇಳಿತಕ್ಕೂ ಕಾಲುವೆ ಜೋರಾಗಿ ಇಳೀಬೇಕು. ಒಂದಡಿ, ಇಲ್ಲ ಅದರ ಹತ್ರ. ನಾಳೆ ಶನಿವಾರ, ಇಳಿತ ಬೆಳಗ್ಗೆ, ಎಲ್ಲರೂ ಸೇರಿ ತೋಡೋಣ. ಭಾನುವಾರ ಅಳೀರಿ. ಮೂರಿಂಚೇ ಬಂದ್ರೆ ಕೀಲಿ ಮೇಜಿನ ಮೇಲೆ ಇಡ್ತೀನಿ."

"ಅಳೆಯೋದು ಯಾರು? ನೀನೇನಾ?" ಎಂದ ಜೈಗೋಬಿನ್.

"ನನ್ನ ಮೇಲೆ ಎಲ್ಲರಿಗಿಂತ ಹೆಚ್ಚು ಸಿಟ್ಟಿರೋರು ಅಳೀಲಿ," ಎಂದರು ಯೂಲಾ ಆಂಟಿ. ಎಲ್ಲರ ಮುಖ ನನ್ನ ಆಜಿಯ ಕಡೆ ತಿರುಗಿತು.

ಶನಿವಾರ ಮೂವತ್ತು ಜನ ಬರಬಹುದು ಎಂದು ಟೀಚರ್ ಲೆಕ್ಕ ಹಾಕಿದ್ದರು. ಬಂದವರು ಹತ್ತೊಂಬತ್ತು. ಸಲಿಕೆ, ಬಕೆಟ್, ಹಲಗೆ ಹಿಡಿದು ಹೊರಗಾಲುವೆಗೆ ಇಳಿದೆವು. ಆ ಕೆಸರು ತೋಡಿದರೆ ನಿಲ್ಲುವುದಿಲ್ಲ, ಗಂಜಿಯ ಹಾಗೆ ಮತ್ತೆ ಹರಿದು ಬಂದು ತುಂಬುತ್ತದೆ. ಒಬ್ಬರು ತೆಗೆದರೆ ಇಬ್ಬರು ಅಕ್ಕಪಕ್ಕದಲ್ಲಿ ತುಳಿದು ಗಟ್ಟಿ ಮಾಡಬೇಕು. ಜೈಗೋಬಿನ್ ಬೈಯುತ್ತಲೇ ತುಳಿದ. "ಈ ಹೆಂಗಸಿನ ಊಹೆಗೆ ನನ್ನ ಹೊಸ ಬೂಟು ಹೋಯ್ತು," ಎಂದ. ಒಂದು ಬೂಟು ನಿಜವಾಗಿಯೂ ಹೋಯಿತು, ಇನ್ನೂ ಅಲ್ಲೇ ಕೆಳಗೆ ಇರಬೇಕು. ಆಜಿ ಸ್ಕರ್ಟ್ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಯೂಲಾ ಆಂಟಿಯಿಂದ ಹತ್ತು ಅಡಿ ದೂರದಲ್ಲಿ ತುಳಿಯುತ್ತಿದ್ದಳು, ಅವರ ಜೊತೆ ಮಾತಾಡದೆ. ಮಧ್ಯಾಹ್ನ ಒಬ್ಬರು ದೊಡ್ಡ ಪಾತ್ರೆಯಲ್ಲಿ ಕುಕ್-ಅಪ್, ಕಾಳು ಮಾಂಸ ಸೇರಿಸಿ ಬೇಯಿಸಿದ ಅನ್ನ, ತಂದರು. ಆಜಿ ತನ್ನ ತಟ್ಟೆಯಲ್ಲಿದ್ದ ಉಪ್ಪುಬೀಫಿನ ತುಂಡುಗಳನ್ನು ಯಾವತ್ತಿನಂತೆ ಎತ್ತಿ ಯೂಲಾ ಆಂಟಿಯ ತಟ್ಟೆಗೆ ಹಾಕಿದಳು. ನಲವತ್ತು ವರ್ಷದ ಅಭ್ಯಾಸ. ಹಾಕಿದ ಮೇಲೆ ನೆನಪಾಯಿತೇನೋ, ಮುಖ ತಿರುಗಿಸಿದಳು.

ಮುಂದಿನ ದಿನ ಬೆಳಗಿನ ಇಳಿತಕ್ಕೆ ಯೂಲಾ ಆಂಟಿ ಬಾಗಿಲು ಎತ್ತಿದರು. ಸೀಫೋರ್ತ್ ಟೀಚರ್ ಗಡಿಯಾರ ಹಿಡಿದು ನಿಂತರು. ನೀರು ಬಾಗಿಲ ಕೆಳಗಿನಿಂದ ಹೊರಟ ಸದ್ದು ಹಿಂದಿನ ವಾರದ ಸದ್ದಿನಂತಿರಲಿಲ್ಲ ಎಂದು ನನಗೆ ಅನಿಸಿತು. ಆದರೆ ಅದು ಅನಿಸಿದ್ದು, ಅಳೆದದ್ದಲ್ಲ. ಮೂರು ಗಂಟೆ ಯಾರೂ ಮನೆಗೆ ಹೋಗಲಿಲ್ಲ. ಹೊತ್ತು ಮುಗಿದಾಗ ಬಾಗಿಲು ಇಳಿಯಿತು. ಆಜಿ ಮೆಟ್ಟಿಲಿಳಿದು ಅಳತೆಪಟ್ಟಿಯ ಎದುರು ಕುಕ್ಕರುಗಾಲಲ್ಲಿ ಕೂತಳು.

ಯೂಲಾ ಆಂಟಿ ಚಕ್ರದ ಹತ್ತಿರವೇ ನಿಂತಿದ್ದರು. ಅಲ್ಲಿಂದ ಪಟ್ಟಿ ಕಾಣುವುದಿಲ್ಲ. ಅವರ ಕೈ ಸೊಂಟದ ಕೀಲಿಯ ಮೇಲಿತ್ತು.

ಆಜಿ ಹನ್ನೆರಡು ಎಂದಿದ್ದರೆ ಯಾರೂ ಇಳಿದು ನೋಡುತ್ತಿರಲಿಲ್ಲ. ನಾಲ್ಕು ಎಂದಿದ್ದರೂ ನೋಡುತ್ತಿರಲಿಲ್ಲ. ಅವಳು ಬೆರಳಿನಿಂದ ಪಾಚಿ ಒರೆಸಿ ಮತ್ತೊಮ್ಮೆ ನೋಡಿದಳು.

"ಎಂಟು," ಎಂದಳು.

"ಎಂಟು ಒಂದಡಿ ಅಲ್ಲ!" ಎಂದು ಜೈಗೋಬಿನ್ ಕೂಗಿದ. "ಕೀಲಿ ಕೊಡಿ!"

"ಮೂರೂ ಅಲ್ಲ," ಎಂದರು ಟೀಚರ್. "ಎರಡರಷ್ಟಕ್ಕಿಂತ ಹೆಚ್ಚಾಯ್ತು. ಕೆಸರು ತೆಗೆದಿದ್ದಕ್ಕೆ ಐದಿಂಚು. ನಿದ್ದೆಗೂ ಕೆಸರಿಗೂ ಏನಪ್ಪ ಸಂಬಂಧ?" ಅವರು ಕೌನ್ಸಿಲ್ ಪುಸ್ತಕ ತೆಗೆದು ಮಂಡಿಯ ಮೇಲಿಟ್ಟುಕೊಂಡು ಬರೆಯುತ್ತ ಜೋರಾಗಿ ಓದಿದರು. "ಮಿಸ್ ಟ್ಯಾಪಿನ್ ಅವರ ಮಾತು ಪ್ರಯೋಗದಿಂದ ಪೂರ್ತಿಯಾಗಿ ಸಾಬೀತಾಗಿದೆ..."

"ಹಂಗೆ ಬರೀಬೇಡಿ ಟೀಚರ್."

"ಏನಮ್ಮಾ?"

"ಒಂದಡಿ ಹತ್ರ ಅಂತ ನಾನು ಅಂದಿದ್ದೆ. ಎಂಟು ಬಂತು. ಉಳಿದ ನಾಲ್ಕು ಎಲ್ಲಿ ಹೋಯ್ತು? ದಾರಿ ಅಗಲ ಸಾಲದೇ ಇರಬಹುದು, ಇನ್ನೇನೋ ಇರಬಹುದು. ಒಂದೇ ಒಂದು ಇಳಿತ ನೋಡಿದೀವಿ. ನನ್ನ ಊಹೆಗೆ ಬಲ ಬಂತು, ಇನ್ನೂ ಸುಳ್ಳಾಗಿಲ್ಲ, ಅಷ್ಟು ಬರೀರಿ. ಸಾಬೀತು ಅಂತ ಬರೆದ್ರೆ ನಾಳೆಯಿಂದ ಯಾರೂ ಪಟ್ಟಿ ನೋಡಲ್ಲ. ಮೊದಲು ನಾನೇ ನೋಡಲ್ಲ."

"ದೇವರೇ," ಎಂದ ಜೈಗೋಬಿನ್, ಒಂದೇ ಬೂಟಿನ ಮೇಲೆ ನಿಂತು, "ಈ ಹೆಂಗಸಿಗೆ ಕೀಲಿ ಬೇಕೋ ಬೇಡವೋ? ಗೆದ್ದಾಗಲೂ ಜಗಳ ಆಡ್ತಾಳಲ್ಲ!"

ಆಜಿ ಮೆಟ್ಟಿಲು ಹತ್ತಿ ಬಂದಳು. "ಕೀಲಿ ಅವಳ ಹತ್ರಾನೇ ಇರ್ಲಿ ಟೀಚರ್. ಸಂಜೆ ಇಳಿತಕ್ಕೆ ಇನ್ನೊಂದಷ್ಟು ಅಗಲ ಮಾಡಬೇಕು, ಹೊತ್ತು ದಂಡ ಮಾಡಬೇಡಿ." ಆಮೇಲೆ ಯೂಲಾ ಆಂಟಿಯ ಎದುರು ನಿಂತಳು. ಎಷ್ಟೋ ದಿನದ ಮೇಲೆ ನೇರ ಮುಖ ನೋಡಿ ಮಾತಾಡಿದಳು. "ಒಂದು ಮಾತು ಕೇಳ್ಕೊ. ನಿನ್ನ ಎಷ್ಟು ಇಳಿತ ಅನ್ನೋ ಲೆಕ್ಕ ನಂಗೆ ಬೇಡ. ಪಟ್ಟಿ ಏನು ತೋರಿಸತ್ತೋ ಅದನ್ನ ಕೂಗು. ಪ್ರತಿ ಸಲ. ಒಳ್ಳೇದಿದ್ರೂ ಕೂಗು, ಕೆಟ್ಟದಿದ್ರೂ ಕೂಗು, ನಿಂಗೆ ನಾಚಿಕೆ ಆಗೋ ಹಂಗಿದ್ರೆ ಇನ್ನೂ ಜೋರಾಗಿ ಕೂಗು. ಸಸಿ ಏನು ಮಾಡಬೇಕು ಅಂತ ನಾನು ನೋಡ್ಕೋತೀನಿ."

"ಕೂಗ್ತೀನಿ ಕಣೇ."

"ಕಣ್ಣು ಮಂಜಾಗಿದೆ ಅನ್ನಿಸಿದ್ರೆ ನನ್ನ ಕರಿ. ನಂದೂ ಮಂಜೇ, ಆದ್ರೆ ಬೇರೆ ಥರ ಮಂಜು."

ಟೀಚರ್ ಬರೆದದ್ದನ್ನು ಹೊಡೆದು ಹಾಕಿ, ಯೂಲಾ ಆಂಟಿ ಹೇಳಿದಂತೆಯೇ ಬರೆದರು. ಅವರ ತರಗತಿಯ ಪೊಲೀಸ್ ಠಾಣೆ ಏನಾಯಿತು ಎಂದು ನನಗೆ ಗೊತ್ತಿಲ್ಲ, ಕೇಳಲು ಧೈರ್ಯ ಬಂದಿಲ್ಲ.

ಆವತ್ತಿನಿಂದ ದಿನಕ್ಕೆ ಎರಡು ಸಲ ಕಾಲುವೆಯ ಮೇಲೆ ಅವರ ಧ್ವನಿ ಕೇಳುತ್ತದೆ. "ಫುಲ್ಮತೀ! ಒಂಬತ್ತು!" ಆಜಿ ಅಡುಗೆಮನೆ ಕಿಟಕಿಯಿಂದ "ಕೇಳಿಸ್ತು!" ಎನ್ನುತ್ತಾಳೆ. ದಾರಿ ಅಗಲವಾದ ಮೇಲೆ ಹತ್ತೂವರೆ ಬಂತು. ಹನ್ನೊಂದು ಬಂದ ದಿನ ಇಬ್ಬರೂ ಮಾಬಿ ಕುಡಿದರು. ಕೆಸರು ಮತ್ತೆ ತುಂಬಿಕೊಂಡಾಗ ಒಂಬತ್ತಾಯಿತು, ಮತ್ತೆ ಸಲಿಕೆ ಹಿಡಿದರು.

ಮೇ ತಿಂಗಳ ಮಳೆಯಲ್ಲಿ ಒಂದು ಬೆಳಿಗ್ಗೆ ಅವರು ಬಹಳ ಜೋರಾಗಿ ಕೂಗಿದರು.

"ಫುಲ್ಮತೀ! ನಾಲ್ಕು! ಯಾಕೆ ಅಂತ ಗೊತ್ತಿಲ್ಲ! ನಾಲ್ಕೇ!"

"ಕೇಳಿಸ್ತು!" ಎಂದಳು ಆಜಿ. ಒಲೆ ಆರಿಸಿ, ಬಕೆಟ್‌ಗಳನ್ನು ಎತ್ತಿಕೊಂಡು, ಹೊಸ ಸಸಿಗಳಿದ್ದ ಮಡಿಯ ಕಡೆ ಇಳಿದು ಹೋದಳು. ನಾವು ಅರ್ಧದಷ್ಟು ಸಸಿ ಮೇಲೆ ಸಾಗಿಸುವ ಹೊತ್ತಿಗೆ ಯೂಲಾ ಆಂಟಿಯೂ ಬಾಗಿಲು ಇಳಿಸಿ, ಸೇತುವೆ ದಾಟಿ, ಬೂಟಿನ ಸಮೇತ ನೀರಿಗಿಳಿದು, ಇನ್ನೊಂದು ತುದಿಯಿಂದ ಕೀಳಲು ಶುರುಮಾಡಿದರು.